ಫ್ಲೋರೋಸಿಸ್ ಸಾಂಕ್ರಾಮಿಕ ರೋಗವೇ? ಆರೋಗ್ಯ ವಿಜ್ಞಾನದ ಹೊಸ ವಿದ್ಯಾರ್ಥಿಗಳು ತಿಳಿಯಬೇಕಾದ ಮೂಲ ಪದಗಳು

ಕನ್ನಡ ಮಾಧ್ಯಮದಲ್ಲಿ ಓದಿ ನರ್ಸಿಂಗ್, ಪ್ಯಾರಾಮೆಡಿಕಲ್ ಅಥವಾ ಸಾರ್ವಜನಿಕ ಆರೋಗ್ಯದ ಕೋರ್ಸ್ ಸೇರುವವರಿಗೆ ಮೊದಲು ತೊಡಕಾಗುವುದು ಪದಗಳು. ಇಂಗ್ಲಿಷ್ ಪದ ಹೊಸದು. ಅದಕ್ಕೆ ಸಮನಾದ ಕನ್ನಡ ಪದ ಗೊತ್ತಿದ್ದರೂ, ದಿನಬಳಕೆಯಲ್ಲಿ ಅದರ ಅರ್ಥ ಬೇರೆಯೇ ಇರುತ್ತದೆ. ಪದ ತಪ್ಪಿದರೆ ರೋಗಿಗೆ ಕೊಡುವ ಸಲಹೆಯೂ ತಪ್ಪಬಹುದು.

ಹಾಗಾಗಿ ಈ ಪದಗಳನ್ನು ಒಂದೇ ಕಾಯಿಲೆಯ ಮೂಲಕ ನೋಡೋಣ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಜನ ಬಹುಕಾಲದಿಂದ ನಂಬಿರುವುದು ಕೊಳವೆಬಾವಿಗಳನ್ನು. ಇಲ್ಲಿನ ಗ್ರಾನೈಟ್ ಮತ್ತು ನೈಸ್ ಬಂಡೆಗಳಲ್ಲಿರುವ ಖನಿಜಗಳಿಂದ ಫ್ಲೋರೈಡ್ ಅಂತರ್ಜಲಕ್ಕೆ ಸೇರುತ್ತದೆ. ಅಂಥ ನೀರನ್ನು ವರ್ಷಗಟ್ಟಲೆ ಕುಡಿದರೆ ಬರುವುದೇ ಫ್ಲೋರೋಸಿಸ್.

ಲಕ್ಷಣ ಮತ್ತು ಚಿಹ್ನೆ

ರೋಗಿ ಅನುಭವಿಸಿ ಹೇಳುವುದು ಲಕ್ಷಣ, ಅಂದರೆ ಸಿಂಪ್ಟಮ್. ನಾವು ನೋಡಿ, ಮುಟ್ಟಿ, ಅಳೆದು ಕಂಡುಕೊಳ್ಳುವುದು ಚಿಹ್ನೆ, ಅಂದರೆ ಸೈನ್. "ಬೆಳಗ್ಗೆ ಎದ್ದಾಗ ಸೊಂಟ ಹಿಡಿದುಕೊಳ್ಳುತ್ತೆ" ಎಂಬುದು ಲಕ್ಷಣ. ಹಲ್ಲಿನ ಮೇಲೆ ಕಾಣುವ ಬಿಳಿ ಅಥವಾ ಕಂದು ಕಲೆ ಚಿಹ್ನೆ.

ತೀವ್ರ ಎಂದರೆ ಗಂಭೀರವಲ್ಲ

ಅಕ್ಯೂಟ್ ಪದಕ್ಕೆ ಕನ್ನಡದಲ್ಲಿ 'ತೀವ್ರ' ಎನ್ನುತ್ತೇವೆ. ಆದರೆ ಅದು ಸೂಚಿಸುವುದು ಕಾಲವನ್ನು: ಬೇಗ ಶುರುವಾಗಿ, ಸಾಮಾನ್ಯವಾಗಿ ಸ್ವಲ್ಪ ಕಾಲ ಇರುವುದು. ಸಾಮಾನ್ಯ ನೆಗಡಿ ಅಕ್ಯೂಟ್, ಆದರೆ ಗಂಭೀರವಲ್ಲ. ಕ್ರಾನಿಕ್ ಅಂದರೆ ದೀರ್ಘಕಾಲಿಕ. ಮೂಳೆಯ ಫ್ಲೋರೋಸಿಸ್ ನಿಧಾನವಾಗಿ, ವರ್ಷಗಳಲ್ಲಿ ಬೆಳೆಯುತ್ತದೆ. ಅದು ಕ್ರಾನಿಕ್, ಜೊತೆಗೆ ಗಂಭೀರವೂ ಆಗಬಹುದು.

ಸಾಂಕ್ರಾಮಿಕ ಎಂಬ ಗೊಂದಲ

ನಮ್ಮಲ್ಲಿ 'ಸಾಂಕ್ರಾಮಿಕ' ಎಂಬ ಒಂದೇ ಪದವನ್ನು ಎರಡು ಅರ್ಥಕ್ಕೆ ಬಳಸುತ್ತಾರೆ. ಒಬ್ಬರಿಂದ ಒಬ್ಬರಿಗೆ ಹರಡುವುದು ಅಂಟುರೋಗ. ಒಂದು ಪ್ರದೇಶದಲ್ಲಿ ನಿರೀಕ್ಷೆಗಿಂತ ಹೆಚ್ಚು ಜನರಿಗೆ ಕಾಯಿಲೆ ಬಂದರೆ ಅದು ಎಪಿಡೆಮಿಕ್. ಒಂದು ಪ್ರದೇಶದಲ್ಲಿ ಸದಾ ಇರುವ ಕಾಯಿಲೆ ಎಂಡೆಮಿಕ್.

ಫ್ಲೋರೋಸಿಸ್ ಎಂಡೆಮಿಕ್, ಅಂಟುರೋಗವಲ್ಲ. ಒಂದೇ ಮನೆಯ ಮಕ್ಕಳೆಲ್ಲರ ಹಲ್ಲಲ್ಲೂ ಕಲೆಯಿದ್ದರೆ ಕಾರಣ ಎಂಜಲೂ ಅಲ್ಲ, ಹಲ್ಲುಜ್ಜದ ಸೋಮಾರಿತನವೂ ಅಲ್ಲ. ಅವರೆಲ್ಲ ಕುಡಿದದ್ದು ಒಂದೇ ನೀರು. ಭಾರತದಲ್ಲಿ ಈ ಕಾಯಿಲೆ ಮೊದಲು ವರದಿಯಾದದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ.

ಐಟಿಸ್ ಮತ್ತು ಓಸಿಸ್

ಪದದ ಕೊನೆಯಲ್ಲಿ 'ಐಟಿಸ್' ಬಂದರೆ ಉರಿಯೂತ. ಆರ್ತ್ರೈಟಿಸ್ ಎಂದರೆ ಕೀಲಿನ ಉರಿಯೂತ. 'ಓಸಿಸ್' ಬಂದರೆ ಸಾಮಾನ್ಯವಾಗಿ ಅಸಹಜ ಸ್ಥಿತಿ. ಮೂಳೆಯ ಫ್ಲೋರೋಸಿಸ್‌ನಲ್ಲೂ ಕೀಲುನೋವು, ಬಿಗಿತ ಇರುವುದರಿಂದ ಅದನ್ನು ಆರ್ತ್ರೈಟಿಸ್ ಎಂದು ತಪ್ಪಾಗಿ ತಿಳಿಯುವ ಸಾಧ್ಯತೆಯಿದೆ. ಯಾವ ಕಾಯಿಲೆ ಎಂದು ಗುರುತಿಸುವುದು ಡಯಾಗ್ನೋಸಿಸ್, ಕನ್ನಡದಲ್ಲಿ ರೋಗನಿದಾನ. ಯಾವುದರಿಂದ ಬಂತು ಎಂಬುದು ಎಟಿಯಾಲಜಿ, ಅಂದರೆ ರೋಗಕಾರಣ. ಕಾರಣ ಕೇಳದೆ ನೋವಿನ ಮಾತ್ರೆ ಮಾತ್ರ ಕೊಟ್ಟರೆ, ರೋಗಿ ಮನೆಗೆ ಹೋಗಿ ಅದೇ ನೀರು ಕುಡಿಯುತ್ತಾರೆ.

ಸಾಂದ್ರತೆ ಮತ್ತು ಡೋಸ್

ಒಂದು ಲೀಟರ್ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಎಂಬುದು ಸಾಂದ್ರತೆ. ಭಾರತೀಯ ಮಾನದಂಡದ ಪ್ರಕಾರ ಇದು 1 ಮಿಲಿಗ್ರಾಂ ಮೀರಬಾರದು. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5ರವರೆಗೆ ಅವಕಾಶವಿದೆ. ದೇಹಕ್ಕೆ ಒಟ್ಟು ಸೇರಿದ್ದು ಡೋಸ್. 2 ಮಿಲಿಗ್ರಾಂ ಸಾಂದ್ರತೆಯ ನೀರನ್ನು 2 ಲೀಟರ್ ಕುಡಿದವರಿಗೆ ಸೇರುವುದು 4 ಮಿಲಿಗ್ರಾಂ. ಬಿಸಿಲಲ್ಲಿ ಹೊಲದ ಕೆಲಸ ಮಾಡಿ 4 ಲೀಟರ್ ಕುಡಿದವರಿಗೆ 8 ಮಿಲಿಗ್ರಾಂ. ನೀರು ಒಂದೇ, ಡೋಸ್ ಎರಡರಷ್ಟು.

ಪ್ರಿವೆಲೆನ್ಸ್ ಮತ್ತು ಇನ್ಸಿಡೆನ್ಸ್

ಲೆಕ್ಕಕ್ಕಾಗಿ ಒಂದು ಶಾಲೆ ಇದೆ ಎಂದುಕೊಳ್ಳೋಣ. 200 ಮಕ್ಕಳಲ್ಲಿ 50 ಮಕ್ಕಳ ಹಲ್ಲಿನಲ್ಲಿ ಕಲೆಯಿದೆ. ಹಳೆಯದು, ಹೊಸದು ಎನ್ನದೆ ಈಗ ಇರುವ ಎಲ್ಲರ ಪಾಲು ಪ್ರಿವೆಲೆನ್ಸ್, ಇಲ್ಲಿ ಶೇ 25. ಒಂದು ಅವಧಿಯಲ್ಲಿ ಹೊಸದಾಗಿ ಬಂದವರ ಲೆಕ್ಕ ಇನ್ಸಿಡೆನ್ಸ್.

ಊರಿಗೆ ಒಳ್ಳೆಯ ನೀರು ಬಂತು ಎನ್ನಿ. ಮುಂದಿನ ವರ್ಷವೂ ಶೇ 25ರ ಆಸುಪಾಸಿನಲ್ಲೇ ಇದ್ದರೆ ಯೋಜನೆ ಸೋತಿತೇ? ಇಲ್ಲ. ಹಲ್ಲಿನ ಫ್ಲೋರೋಸಿಸ್ ಆಗುವುದು ಎನಾಮಲ್ ರೂಪುಗೊಳ್ಳುವ ಕಾಲದಲ್ಲಿ. ಮುಂಭಾಗದ ಹಲ್ಲುಗಳಿಗೆ ಇದು ಸುಮಾರು 8 ವರ್ಷದೊಳಗೆ ಮುಗಿಯುತ್ತದೆ. ಆದ ಕಲೆ ತಾನಾಗಿ ಹೋಗದು. ಹದಿನೈದರ ಹುಡುಗಿಯ ಹಲ್ಲು ಹೇಳುವುದು ಅವಳು ಚಿಕ್ಕಂದಿನಲ್ಲಿ ಕುಡಿದ ನೀರಿನ ಕಥೆ. ಯೋಜನೆಯ ಫಲ ಕಾಣಬೇಕಾದದ್ದು ಪುಟ್ಟ ಮಕ್ಕಳಿಗೆ ಮುಂದೆ ಹುಟ್ಟುವ ಶಾಶ್ವತ ಹಲ್ಲುಗಳಲ್ಲಿ.

ತಡೆಗಟ್ಟುವಿಕೆಯ ಮೂರು ಹಂತ

ಕಾಯಿಲೆ ಬಾರದಂತೆ ಕುಡಿಯುವ ನೀರನ್ನೇ ಬದಲಿಸುವುದು ಪ್ರಾಥಮಿಕ ಹಂತ. ಮಕ್ಕಳನ್ನು ಪರೀಕ್ಷಿಸಿ ಬೇಗ ಗುರುತಿಸುವುದು ದ್ವಿತೀಯ. ಈಗಾಗಲೇ ಅಂಗವೈಕಲ್ಯ ಆದವರಿಗೆ ಫಿಸಿಯೋಥೆರಪಿ, ಸಲಕರಣೆ ಒದಗಿಸುವುದು ತೃತೀಯ. ಕೇಂದ್ರ ಸರ್ಕಾರ 2008–09ರಲ್ಲಿ ಫ್ಲೋರೋಸಿಸ್ ತಡೆ ಮತ್ತು ನಿಯಂತ್ರಣಕ್ಕೆ ರಾಷ್ಟ್ರೀಯ ಕಾರ್ಯಕ್ರಮವನ್ನೇ ಆರಂಭಿಸಿತು.

ಇಲ್ಲೊಂದು ತಪ್ಪು ನಂಬಿಕೆಯಿದೆ: ನೀರು ಕುದಿಸಿದರೆ ಸಾಕು ಎನ್ನುವುದು. ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ತುಸು ಹೆಚ್ಚುತ್ತದೆ. ಸರಿಯಾಗಿ ನಿರ್ವಹಿಸಿದ ಆರ್‌ಒ ಘಟಕದ ನೀರು ಅಥವಾ ಶುದ್ಧವಾಗಿ ಸಂಗ್ರಹಿಸಿದ ಮಳೆನೀರು ಉಪಯುಕ್ತ.

ಮೂಳೆಯ ಫ್ಲೋರೋಸಿಸ್ ಪೂರ್ತಿ ಗುಣವಾಗುವ ಚಿಕಿತ್ಸೆ ಇಲ್ಲ. ಆದ್ದರಿಂದ ಕೀಲುನೋವು ಎಂದು ಬಂದವರನ್ನು "ಎಷ್ಟು ದಿನದಿಂದ?" ಎಂದು ಕೇಳಿದ ಮೇಲೆ, "ಕುಡಿಯೋ ನೀರು ಎಲ್ಲಿಂದ ತರ್ತೀರಿ?" ಎಂದೂ ಕೇಳುವುದನ್ನು ಮೊದಲ ವರ್ಷದಿಂದಲೇ ರೂಢಿ ಮಾಡಿಕೊಳ್ಳಿ.