ಕೊಲಂಬಿಯಾ ನೌಕೆ ಮತ್ತು ಒಂದು ಸ್ಲೈಡ್

ತರಗತಿಯಲ್ಲಾಗಲಿ ವಿಚಾರ ಸಂಕಿರಣದಲ್ಲಾಗಲಿ ಸ್ಲೈಡ್ ತೋರಿಸಿ ಮಾತನಾಡುವುದು ಈಗ ವಾಡಿಕೆ. ಅದಕ್ಕೆ ತಯಾರಿ ಎಂದರೆ ಬಣ್ಣ, ಅಕ್ಷರದ ಗಾತ್ರ, ಚಿತ್ರಗಳ ಜೋಡಣೆ ಎಂದು ನಾವು ಎಣಿಸುವುದುಂಟು. 2003ರ ಜನವರಿಯಲ್ಲಿ ಅಮೆರಿಕದ ನಾಸಾ ಅಧಿಕಾರಿಗಳ ಮುಂದೆ ಬಂದ ಒಂದು ಸ್ಲೈಡನ್ನು ನೋಡಿದರೆ ನಿಮ್ಮ ಎಣಿಕೆ ಬದಲಾಗಬಹುದು.

ಆ ಜನವರಿ 16ರಂದು ಕೊಲಂಬಿಯಾ ನೌಕೆ ಮೇಲೇರಿತು. ಹರಿಯಾಣದ ಕರ್ನಾಲ್‌ನಲ್ಲಿ ಹುಟ್ಟಿದ ಕಲ್ಪನಾ ಚಾವ್ಲಾ ಸೇರಿದಂತೆ ಏಳು ಮಂದಿ ಅದರಲ್ಲಿದ್ದರು. ಸುಮಾರು 82 ಸೆಕೆಂಡುಗಳಾದಾಗ, ಹೊರಗಿನ ಇಂಧನ ಟ್ಯಾಂಕಿನ ಶಾಖನಿರೋಧಕ ಫೋಮ್‌ನ ತುಂಡೊಂದು ಕಳಚಿ ಎಡ ರೆಕ್ಕೆಗೆ ಬಡಿಯಿತು. ಇದು ತಿಳಿದದ್ದು ಮರುದಿನ, ಉಡಾವಣೆಯ ಚಿತ್ರಗಳನ್ನು ಪರಿಶೀಲಿಸಿದಾಗ. ರೆಕ್ಕೆಗೆ ಎಷ್ಟು ಪೆಟ್ಟಾಗಿದೆ? ನೌಕೆ ಕಕ್ಷೆಯಲ್ಲಿರುವಾಗಲೇ ಬೋಯಿಂಗ್ ಸಂಸ್ಥೆಯ ಎಂಜಿನಿಯರುಗಳು ಲೆಕ್ಕಹಾಕಿ, ಫಲಿತಾಂಶವನ್ನು ಪವರ್‌ಪಾಯಿಂಟ್ ಸ್ಲೈಡ್‌ಗಳಲ್ಲಿ ಮಂಡಿಸಿದರು.

ಅವುಗಳಲ್ಲಿ ಒಂದರ ಶೀರ್ಷಿಕೆಯ ತಾತ್ಪರ್ಯ ಇಷ್ಟು: ಟೈಲ್‌ಗಳೊಳಗೆ ಫೋಮ್ ತೂರುವ ಬಗ್ಗೆ ಇರುವ ಪರೀಕ್ಷಾ ಮಾಹಿತಿಯನ್ನು ಪರಿಶೀಲಿಸಿದಾಗ ಸುರಕ್ಷತೆಯ ಕಡೆಗೇ ವಾಲು ಕಾಣುತ್ತದೆ. ಓದಿದವರಿಗೆ ಏನನಿಸೀತು? ಟೈಲ್‌ಗಳಿಗೆ ಅಪಾಯವಿಲ್ಲ ಎಂದೇ. ಆದರೆ ಎಂಜಿನಿಯರುಗಳು ಹೇಳಹೊರಟಿದ್ದು ತಾವು ಬಳಸಿದ ‘ಕ್ರೇಟರ್’ ಎಂಬ ಗಣಿತ ಮಾದರಿಯ ಬಗ್ಗೆ. ಹಳೆಯ ಪರೀಕ್ಷೆಗಳಲ್ಲಿ ನಿಜವಾಗಿ ಆದ ಹಾನಿಗಿಂತ ಹೆಚ್ಚಿನ ಹಾನಿಯನ್ನೇ ಅದು ಸೂಚಿಸುತ್ತಿತ್ತು. ಶೀರ್ಷಿಕೆಯ ಕೆಳಗೆ ಬುಲೆಟ್, ಅದರಡಿ ಉಪಬುಲೆಟ್, ಅದರಡಿ ಮತ್ತೊಂದು, ಹೀಗೆ ಅಕ್ಷರಗಳು ಚಿಕ್ಕದಾಗುತ್ತಾ ಹೋಗುತ್ತವೆ. ‘ಗಣನೀಯ’ ಎಂಬ ಅರ್ಥದ ಪದ ಐದು ಸಲ ಬರುತ್ತದೆ, ಎಷ್ಟು ಎಂದು ಹೇಳದೆ. ಕಟ್ಟಕಡೆಯ ಸಾಲಿನಲ್ಲಿ ಎರಡು ಸಂಖ್ಯೆಗಳು ಅಡಗಿವೆ: ಈಗಿನ ಫೋಮ್‌ನ ಗಾತ್ರ 1920 ಘನ ಅಂಗುಲ, ಪರೀಕ್ಷೆಯಲ್ಲಿ ಬಳಸಿದ್ದು 3 ಘನ ಅಂಗುಲ.

ಭಾಗಿಸಿ ನೋಡಿ, 640 ಪಟ್ಟು! ಹಾಗಿದ್ದರೆ ಹಳೆಯ ಪರೀಕ್ಷೆಗಳು ಈ ಪೆಟ್ಟಿನ ಬಗ್ಗೆ ಏನನ್ನೂ ಖಚಿತವಾಗಿ ಹೇಳಲಾರವು. ಶೀರ್ಷಿಕೆಯಾಗಬೇಕಿದ್ದ ಮಾತು ಕೊನೆಯ ಚುಕ್ಕಿಯಾಯಿತು. ಅಂಕಿಅಂಶಗಳ ಚಿತ್ರಣದಲ್ಲಿ ಪರಿಣತರಾದ ಎಡ್ವರ್ಡ್ ಟಫ್ಟಿ ಈ ಸ್ಲೈಡನ್ನು ಸಾಲು ಸಾಲಾಗಿ ಬಿಡಿಸಿ ತೋರಿಸಿದರು. ಅಪಘಾತದ ತನಿಖಾ ಮಂಡಳಿ 2003ರ ಆಗಸ್ಟ್‌ನ ತನ್ನ ವರದಿಯಲ್ಲಿ ಅವರ ವಿಶ್ಲೇಷಣೆಯನ್ನು ಸೇರಿಸಿ, ತಾಂತ್ರಿಕ ಪ್ರಬಂಧಗಳ ಸ್ಥಾನವನ್ನು ಸ್ಲೈಡ್‌ಗಳು ಆಕ್ರಮಿಸಿದ್ದನ್ನು ಟೀಕಿಸಿತು.

ಈ ರೋಗಕ್ಕೆ ಪವರ್‌ಪಾಯಿಂಟನ್ನೇ ಹೊಣೆಯಾಗಿಸುವುದು ಸರಿಯಲ್ಲ. ಅದು ಮಾರುಕಟ್ಟೆಗೆ ಬಂದದ್ದು 1987ರಲ್ಲಿ. ಅದಕ್ಕೂ ಮೊದಲೇ, 1986ರಲ್ಲಿ ಚಾಲೆಂಜರ್ ದುರಂತದ ತನಿಖೆಗೆ ಹೋದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್, ನಾಸಾದ ಸ್ಲೈಡ್‌ಗಳಲ್ಲಿದ್ದ ಕಪ್ಪು ಚುಕ್ಕಿಗಳ ಸಾಲನ್ನು ಕಂಡು ಬೇಸತ್ತಿದ್ದರು.

ಅದೇ ಸ್ಲೈಡನ್ನು ನೀವು ತಯಾರಿಸುವುದಾದರೆ? ಕಂಪ್ಯೂಟರ್ ತೆರೆಯುವ ಮೊದಲು ಹೇಳಬೇಕಾದ್ದನ್ನು ಪೂರ್ಣ ವಾಕ್ಯಗಳಲ್ಲಿ ಕಾಗದದ ಮೇಲೆ ಬರೆಯಿರಿ. ವಾಕ್ಯಕ್ಕೆ ಕರ್ತೃ, ಕ್ರಿಯಾಪದ ಬೇಕು. ತುಂಡು ಪದಗಳಲ್ಲಿ ಬಚ್ಚಿಟ್ಟುಕೊಳ್ಳುವ ಗೊಂದಲ ಅಲ್ಲಿ ಬಯಲಾಗುತ್ತದೆ. ‘ನಮ್ಮ ಪರೀಕ್ಷೆಗಳು ಇಷ್ಟು ದೊಡ್ಡ ತುಂಡಿಗೆ ಅನ್ವಯಿಸುವುದಿಲ್ಲ’ ಎಂಬುದೇ ಶೀರ್ಷಿಕೆ. ಅದರಡಿ ಎರಡು ಘನಾಕೃತಿಗಳು: 3 ಘನ ಅಂಗುಲದ್ದು ಸುಮಾರು 3.7 ಸೆಂ.ಮೀ. ಬದಿಯದು, 1920 ಘನ ಅಂಗುಲದ್ದು 31.6 ಸೆಂ.ಮೀ. ಬದಿಯದು. ಒಂದು ನಿಂಬೆಹಣ್ಣಿನಷ್ಟು, ಇನ್ನೊಂದು ದೊಡ್ಡ ರಟ್ಟಿನ ಪೆಟ್ಟಿಗೆಯಷ್ಟು. ಕರಿಹಲಗೆಯ ಮೇಲೆ ಅಳತೆಗೆ ಸರಿಯಾಗಿ ಬರೆದು ತೋರಿಸಿದರೂ ಸಾಕು, ಪ್ರೊಜೆಕ್ಟರ್ ಬೇಕಿಲ್ಲ.

ಇನ್ನು ಮಂಡನೆ. ಎಂಜಿನಿಯರುಗಳ ಮಾತು ಮೇಲಿನ ಸಭೆಗೆ ಮುಟ್ಟಿದ್ದು ಬಾಯಿಮಾತಿನ ಸಾರಾಂಶವಾಗಿ. ಮೆಟ್ಟಿಲು ಹತ್ತಿದಂತೆಲ್ಲ ಅನುಮಾನಗಳು ಉದುರಿ, ‘ಹಾರಾಟದ ಸುರಕ್ಷತೆಗೆ ತೊಂದರೆಯಿಲ್ಲ’ ಎಂಬ ತೀರ್ಮಾನ ಉಳಿಯಿತು. ನಿಮ್ಮ ಸ್ಲೈಡನ್ನು ನಾಳೆ ಇನ್ನೊಬ್ಬರು ನಿಮ್ಮ ಅನುಪಸ್ಥಿತಿಯಲ್ಲಿ ವಿವರಿಸಬಹುದು ಎಂಬುದನ್ನು ಮರೆಯಬೇಡಿ. ಕೇಳುಗರ ಕೈಗೆ ವಿವರವಾದ ಒಂದೆರಡು ಪುಟ ಕೊಡಿ. ಪರದೆಯನ್ನು ಓದಿ ಹೇಳಬೇಡಿ. ಓದುವುದು ಅವರಿಗೂ ಬರುತ್ತದೆ. ಮುಂಚಿತವಾಗಿ ಒಬ್ಬ ಸಹೋದ್ಯೋಗಿಗೆ ತೋರಿಸಿ, ‘ಇದರಿಂದ ನಿಮಗೇನು ತಿಳಿಯಿತು?’ ಎಂದು ಕೇಳಿ. ಕೊಲಂಬಿಯಾದ ಸ್ಲೈಡಿಗೆ ಈ ಒಂದು ಪ್ರಶ್ನೆ ಬಿದ್ದಿದ್ದರೆ ಶೀರ್ಷಿಕೆ ಉಳಿಯುತ್ತಿರಲಿಲ್ಲ ಎಂದು ನನಗನಿಸುತ್ತದೆ.

ಸ್ಲೈಡೊಂದೇ ಏಳು ಜನರನ್ನು ಕೊಂದಿತು ಎನ್ನಲಾಗದು. ಹಿಂದಿನ ಹಾರಾಟಗಳಲ್ಲೂ ಫೋಮ್ ಕಳಚಿ, ಅದು ಮಾಮೂಲು ಎನಿಸಿಬಿಟ್ಟಿತ್ತು. ಕಕ್ಷೆಯಲ್ಲಿದ್ದ ನೌಕೆಯ ಚಿತ್ರ ತೆಗೆಸಿ ಎಂಬ ಎಂಜಿನಿಯರುಗಳ ಕೋರಿಕೆಯನ್ನು ಆಡಳಿತ ಈಡೇರಿಸಲಿಲ್ಲ. ಫೆಬ್ರವರಿ 1ರಂದು, ಇಳಿಯಲು ಸುಮಾರು 16 ನಿಮಿಷ ಬಾಕಿಯಿರುವಾಗ, ಬಿಸಿ ಅನಿಲ ರೆಕ್ಕೆಯೊಳಗೆ ನುಗ್ಗಿ ನೌಕೆ ಟೆಕ್ಸಾಸ್‌ನ ಮೇಲೆ ಛಿದ್ರವಾಯಿತು.

ಬಿಟ್ಟುಹೋಗಿದ್ದ ಪರೀಕ್ಷೆಯನ್ನು ತನಿಖಾ ಮಂಡಳಿ ಆಮೇಲೆ ಮಾಡಿಸಿತು. 2003ರ ಜುಲೈ 7ರಂದು ಸ್ಯಾನ್ ಆಂಟೋನಿಯೋದಲ್ಲಿ, ಮುಕ್ಕಾಲು ಕಿಲೋಗ್ರಾಮ್‌ನಷ್ಟು ಫೋಮ್ ತುಂಡನ್ನು ಗಂಟೆಗೆ 800 ಕಿ.ಮೀ.ಗೂ ಮೀರಿದ ವೇಗದಲ್ಲಿ ರೆಕ್ಕೆಯ ಮುಂಬದಿಯ ಕಾರ್ಬನ್ ಫಲಕಕ್ಕೆ ಹೊಡೆದರು. ಸುಮಾರು 40 ಸೆಂ.ಮೀ. ಅಗಲದ ರಂಧ್ರ ಬಿತ್ತು.