ಹಸಿವುಳ್ಳ ಹೂವುಗಳು

ಬ್ರಿಟನ್ನಿನ ತಣ್ಣನೆಯ ಕಡಲಲ್ಲಿ ಮುಳುಗುವವರಿಗೆ ಬಂಡೆಗಳ ಮೇಲೆ ಹುಲ್ಲುಕಡ್ಡಿಯಂಥ ಕಾಂಡಗಳೂ ಅವುಗಳ ತುದಿಯಲ್ಲಿ ನಸುಗೆಂಪು ಹೂಗಳೂ ಕಾಣುತ್ತವೆ. ಅವು ಹೂಗಳಲ್ಲ, ಹೈಡ್ರಾಯ್ಡ್ ಎಂಬ ಪ್ರಾಣಿಗಳು. ಎಸಳೆಂದು ತೋರುವುದು ಬೇಟೆಯನ್ನು ಕುಟುಕಿ ಹಿಡಿಯುವ ಕೈ. ಇಷ್ಟನ್ನು ಒಪ್ಪುವುದಕ್ಕೆ ಯೂರೋಪಿನ ವಿದ್ವಾಂಸರಿಗೆ ದಶಕಗಳೇ ಬೇಕಾದುವು.

ಹವಳದ 'ಹೂ' ನಿಜವಾಗಿ ಜೀವಿಯೆಂದು ಮಾರ್ಸೇಲ್ಸಿನ ವೈದ್ಯ ಪೇಸೊನೆಲ್ 1720ರ ದಶಕದಲ್ಲಿಯೇ ಪ್ಯಾರಿಸಿನ ವಿಜ್ಞಾನ ಅಕಾಡೆಮಿಗೆ ಬರೆದನು. ಅಲ್ಲಿನ ಹಿರಿಯನಾದ ರೋಮ್ಯೂರನಿಗೆ ಅದು ಎಷ್ಟು ಅಸಂಬದ್ಧವಾಗಿ ತೋರಿತೆಂದರೆ, ಸಂಗತಿಯನ್ನು ಸಭೆಗೆ ತಿಳಿಸುವಾಗ ಬರೆದವನ ಮಾನ ಉಳಿಯಲೆಂದು ಹೆಸರನ್ನೇ ಮರೆಮಾಡಿದನು! 1740ರಲ್ಲಿ ಟ್ರೆಂಬ್ಲೆಯು ಸಿಹಿನೀರಿನ ಹೈಡ್ರವನ್ನು ಕಂಡು, ಅದು ಪ್ರಾಣಿಯೆಂದು ತೋರಿಸಿಕೊಟ್ಟ ಮೇಲೆಯೇ ರೋಮ್ಯೂರನು ಮನಸ್ಸು ಬದಲಿಸಿದ್ದು.

ಕಡಲಿನ ಹೈಡ್ರಾಯ್ಡುಗಳ ನಿಜವನ್ನು ಬಯಲಿಗಿಟ್ಟವನು ಲಂಡನ್ನಿನ ವರ್ತಕ ಜಾನ್ ಎಲಿಸ್. 1751ರಲ್ಲಿ ತನಗೆ ಬಂದ ಕಡಲ ಸಸ್ಯಗಳನ್ನು ಅವನು ಬಿಳಿಯ ಕಾಗದ ಹೊದಿಸಿದ ಹಲಗೆಗಳ ಮೇಲೆ ನಿಸರ್ಗಚಿತ್ರಗಳಂತೆ ಜೋಡಿಸಿದ್ದನು. ಬಳಿಕ ಸೂಕ್ಷ್ಮದರ್ಶಕದಲ್ಲಿ ನೋಡಲು, 'ಸಸ್ಯ'ಗಳ ರಚನೆಯಲ್ಲಿ ಸಂಶಯ ಹುಟ್ಟಿತು. 1752ರಲ್ಲಿ ಬ್ರೂಕಿಂಗ್ ಎಂಬ ಚಿತ್ರಕಾರನೊಡನೆ ಶೆಪಿ ದ್ವೀಪಕ್ಕೆ ಹೋಗಿ, ಅವನ್ನು ಕಡಲನೀರಿನಲ್ಲಿಯೇ ಇಟ್ಟು ಪರೀಕ್ಷಿಸಿದನು. ಕೊಂಬೆಗಳ ಸಣ್ಣ ಬಟ್ಟಲುಗಳಿಂದ ಜೀವಿಗಳು ಕೈಚಾಚಿದುವು. 1755ರಲ್ಲಿ ಅವನ ಗ್ರಂಥ ಹೊರಬಂದಿತು. 1767ರಲ್ಲಿ ರಾಯಲ್ ಸೊಸೈಟಿಯ ಕಾಪ್ಲೆ ಪದಕವೂ ದೊರೆಯಿತು.

ಪ್ರಾಣಿಯೆಂದು ತಿಳಿದರೆ ಕೆಲಸ ಮುಗಿಯಲಿಲ್ಲ. ಯಾವ ಪ್ರಾಣಿ ಎನ್ನಬೇಕಷ್ಟೆ. ಆ ನಸುಗೆಂಪು 'ಹೂ'ವಿನ ಕಾಂಡ ಕವಲೊಡೆಯದಿದ್ದರೆ ಅದು ಲಿನೇಯಸ್ 1758ರಲ್ಲಿ ಹೆಸರಿಟ್ಟ ಟ್ಯೂಬ್ಯುಲೇರಿಯ ಇಂಡಿವೈಸ ಇರಬಹುದು. 'ಇಂಡಿವೈಸ' ಎಂದರೆ ಕವಲಿಲ್ಲದ್ದು. ಗಿಡ್ಡಗಿದ್ದು ಕವಲೊಡೆದಿದ್ದರೆ ಎಕ್ಟೊಪ್ಲೂರ ಲ್ಯಾರಿಂಕ್ಸ್ ಇದ್ದೀತು. ಈ ಎರಡನೆಯದಕ್ಕೆ ಹೆಸರು ಬಂದದ್ದು, ಎಲಿಸ್ ತೀರಿಕೊಂಡು ಹತ್ತು ವರ್ಷಗಳ ಮೇಲೆ, 1786ರಲ್ಲಿ, ಅವನ ಮತ್ತು ಸೋಲಾಂಡರನ ಹೆಸರಿನಲ್ಲಿ ಪ್ರಕಟವಾದ ಗ್ರಂಥದಿಂದ. ಇಂದಿಗೂ ಅನೇಕ ಜಾತಿಗಳಿಗೆ ನೀರೊಳಗೆ ತೆಗೆದ ಛಾಯಾಚಿತ್ರ ಸಾಲದು. ಬಟ್ಟಲಿನ ಅಂಚು, ಸಂತಾನಕೋಶದ ಆಕಾರಗಳನ್ನು ಸೂಕ್ಷ್ಮದರ್ಶಕದಲ್ಲಿಯೇ ನೋಡಬೇಕು.

ಇಷ್ಟಾದರೂ ಹಳೆಯ ಭ್ರಮೆ ಪೂರ್ತಿ ಅಳಿಯಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿಯೂ ಒಂದು ಜಾತಿಯ ಹೈಡ್ರಾಯ್ಡನ್ನು ಒಣಗಿಸಿ, ಹಸಿರು ಬಣ್ಣ ಹಾಕಿ, ನೀರೇ ಬೇಡದ ಗಿಡವೆಂದು ಅಂಗಡಿಗಳಲ್ಲಿ ಮಾರುತ್ತಿದ್ದರು. ಒಣಗಿದ್ದನ್ನು ಕಂಡವರಿಗೆ ಅದು ಗಿಡ. ನೀರಿನಲ್ಲಿ ತಾಳ್ಮೆಯಿಂದ ಕಾದವನಿಗೆ ಮಾತ್ರ ಅದು ಕೈಚಾಚಿತು.