ಊರು ಹೂಂ ಎಂದ ಮೇಲೆ

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಅಮೆರಿಕಾದ ಕ್ಯಾಲಿಫೋರ್ನಿಯಾದಲ್ಲಿ ಓಕ್‌ಲ್ಯಾಂಡ್ ಎಂಬ ಬಂದರು ಪಟ್ಟಣದವರು ನಾಲ್ಕೂವರೆ ವರ್ಷ ಕೂತು ಅಂಥದೊಂದು ಕುಲಾವಿ ಹೊಲಿದರು. ಅಳತೆ ತೆಗೆದರು, ಜಗಳವಾಡಿದರು, ಬಿಚ್ಚಿ ಮತ್ತೆ ಹೊಲಿದರು. ಕುಲಾವಿ ಚೆನ್ನಾಗಿಯೇ ಬಂತು. ಕೂಸು ಮಾತ್ರ ಬೇರೆ ಊರಿನಲ್ಲಿ ಹುಟ್ಟುತ್ತೇನೆಂದು ಹೊರಟುಹೋಯಿತು.

ಆ ಕೂಸು ಒಂದು ಬೇಸ್‌ಬಾಲ್ ಕ್ರೀಡಾಂಗಣ. ಬೇಸ್‌ಬಾಲ್ ಎಂದರೆ ನನಗೆ ದೂರದ ನೆಂಟರಿದ್ದ ಹಾಗೆ. ಮುಖಪರಿಚಯ ಉಂಟು, ಒಡನಾಟವಿಲ್ಲ. ಆದ್ದರಿಂದ ಈ ಕಥೆ ಹೇಳುತ್ತಿರುವುದು ಆಟದ ಮೇಲಿನ ಪ್ರೀತಿಯಿಂದಲ್ಲ. ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ, ಪೌರನೀತಿ ಪಾಠ ಹೇಳಿದವಳು ನಾನು. ‘ಜನಾಭಿಪ್ರಾಯ’ ಎಂಬ ಪದವನ್ನು ಬೋರ್ಡಿನ ಮೇಲೆ ಬರೆದು ಅಳಿಸಿದ್ದಕ್ಕೆ ಲೆಕ್ಕವಿಲ್ಲ. ಆ ಜನಾಭಿಪ್ರಾಯ ಎಷ್ಟು ದೂರ ನಡೆಯಬಲ್ಲದು, ಎಲ್ಲಿ ಅದರ ಕಾಲು ಸೋಲುತ್ತದೆ ಎನ್ನುವುದನ್ನು ಓಕ್‌ಲ್ಯಾಂಡಿನ ಕಥೆಯಷ್ಟು ಸ್ಪಷ್ಟವಾಗಿ ಹೇಳುವ ಪಾಠ ನಮ್ಮ ಪಠ್ಯಪುಸ್ತಕದಲ್ಲಿಲ್ಲ.

ಕಥೆ ಶುರುವಾಗುವುದು ಕ್ರೀಡಾಂಗಣದಿಂದಲ್ಲ, ಒಂದು ಮನೆಯ ಹಜಾರದಿಂದ. 1961ರ ಮಾತು. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ದಡದ ಊರುಗಳೆಲ್ಲ ಆಗ ಕಸ ಮಣ್ಣು ಸುರಿದು ನೀರನ್ನು ನೆಲ ಮಾಡುವುದರಲ್ಲಿ ತೊಡಗಿದ್ದವು. ಓಕ್‌ಲ್ಯಾಂಡಿನ ಪಕ್ಕದ ಬರ್ಕ್ಲಿ ನಗರವಂತೂ ಎರಡು ಸಾವಿರ ಎಕರೆ ಕೊಲ್ಲಿಯನ್ನು ತುಂಬಿ ಊರನ್ನು ಇಮ್ಮಡಿ ಮಾಡುವ ಯೋಜನೆ ಹಾಕಿಕೊಂಡಿತ್ತು. ಹೀಗೇ ತುಂಬುತ್ತ ಹೋದರೆ 2020ರ ಹೊತ್ತಿಗೆ ಕೊಲ್ಲಿ ಒಂದು ನದಿಯಷ್ಟು ಸಣ್ಣದಾಗಬಹುದೆಂದು ತೋರಿಸುವ ನಕ್ಷೆ ಪತ್ರಿಕೆಯಲ್ಲಿ ಬಂತು. ಅದನ್ನು ನೋಡಿ ಹೊಟ್ಟೆಯಲ್ಲಿ ಕಸಿವಿಸಿಯಾದದ್ದು ಮೂವರು ಗೃಹಿಣಿಯರಿಗೆ: ಕೇ ಕೆರ್, ಸಿಲ್ವಿಯಾ ಮೆಕ್‌ಲಾಕ್ಲಿನ್, ಎಸ್ತರ್ ಗುಲಿಕ್. ಪರಿಸರದ ಕೆಲಸ ಮಾಡುವ ದೊಡ್ಡವರನ್ನೆಲ್ಲ ಮನೆಗೆ ಕರೆದು ಉಪಚಾರ ಮಾಡಿ ವಿಷಯ ಹೇಳಿದರು. ಬಂದವರು, ಕೆಲಸ ಒಳ್ಳೆಯದೇ, ನಮಗೆ ಮಾತ್ರ ಪುರುಸೊತ್ತಿಲ್ಲ, ನಿಮಗೆ ಶುಭವಾಗಲಿ ಎಂದು ಹರಸಿ ಎದ್ದರು. ಗಂಡಸರು ಹರಸಿ ಎದ್ದುಹೋದ ಮೇಲೆ ಪಾತ್ರೆ ತೊಳೆಯುವವರು ಯಾರೆಂದು ನಿಮಗೆ ನಾನು ಹೇಳಬೇಕೆ? ಆ ಮೂವರು ತಾವೇ ಸಂಘ ಕಟ್ಟಿದರು. ಸದಸ್ಯತ್ವಕ್ಕೆ ಒಂದು ಡಾಲರ್. ಬರ್ಕ್ಲಿಯ ಯೋಜನೆ ನಿಂತಿತು. 1965ರಲ್ಲಿ ಕೊಲ್ಲಿಯನ್ನು ಕಾಯುವುದಕ್ಕೆಂದೇ ರಾಜ್ಯ ಸರಕಾರ ಒಂದು ಆಯೋಗ ನೇಮಿಸಿತು. 1969ರಲ್ಲಿ ಅದು ಕಾಯಂ ಆಯಿತು.

ಅದೇ 1969ರ ಜನವರಿಯಲ್ಲಿ ದಕ್ಷಿಣದ ಸಾಂತಾ ಬಾರ್ಬರಾ ಕಡಲಿನಲ್ಲಿ ತೈಲಬಾವಿ ಒಡೆದು ತೀರವೆಲ್ಲ ಕಪ್ಪಾಯಿತು. ಜನರ ಸಿಟ್ಟು ನೆತ್ತಿಗೇರಿದ ಕಾಲ. ಮರುವರ್ಷ, 1970ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ಪರಿಸರ ಗುಣಮಟ್ಟದ ಕಾಯಿದೆ ಬಂತು. ಸಹಿ ಹಾಕಿದವರು ಆಗ ಗವರ್ನರ್ ಆಗಿದ್ದ ರೊನಾಲ್ಡ್ ರೇಗನ್. ಸರಕಾರ ತಾನು ಮಾಡುವ ಕೆಲಸಕ್ಕೆ ಮಾತ್ರವಲ್ಲ, ಖಾಸಗಿಯವರಿಗೆ ಪರವಾನಗಿ ಕೊಡುವ ಕೆಲಸಕ್ಕೂ ಈ ಕಾಯಿದೆ ಅನ್ವಯವಾಗುತ್ತದೆಂದು 1972ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಹೇಳಿತು. ಅಂದಿನಿಂದ ಅನೇಕ ದೊಡ್ಡ ಯೋಜನೆಗಳು ಏಳಬೇಕಾದರೆ ಮೊದಲು ಪರಿಸರ ಪರಿಣಾಮ ವರದಿ ಬರಬೇಕು. ಗಾಳಿ, ನೀರು, ಸದ್ದು, ವಾಹನ, ಮಣ್ಣಿನ ವಿಷ, ಎಲ್ಲವನ್ನೂ ಬರೆದು ಊರ ಮುಂದಿಡಬೇಕು. ಯಾರು ಬೇಕಾದರೂ ಓದಿ ಪ್ರಶ್ನೆ ಕೇಳಬಹುದು. ಕೇಳಿದ ಪ್ರಶ್ನೆಗೆ ಉತ್ತರವನ್ನು ಅಚ್ಚು ಹಾಕಿ ಕೊಡಲೇಬೇಕು.

ಈಗ ಓಕ್‌ಲ್ಯಾಂಡಿಗೆ ಬರೋಣ. ಅಥ್ಲೆಟಿಕ್ಸ್ ಎಂಬ ಬೇಸ್‌ಬಾಲ್ ತಂಡ ಹುಟ್ಟಿದ್ದು ಫಿಲಡೆಲ್ಫಿಯಾದಲ್ಲಿ. ಕಾನ್ಸಾಸ್ ಸಿಟಿಯಲ್ಲಿ ಕೆಲವು ಕಾಲವಿದ್ದು 1968ರಲ್ಲಿ ಓಕ್‌ಲ್ಯಾಂಡಿಗೆ ಬಂತು. 1966ರಲ್ಲಿ ತೆರೆದಿದ್ದ ಕೊಲಿಸಿಯಂ ಎಂಬ ಕ್ರೀಡಾಂಗಣದಲ್ಲಿ ಆಡುತ್ತ, 1972, 73, 74ರಲ್ಲಿ ಸತತವಾಗಿ ಮೂರು ಸಲ, ಮತ್ತೆ 1989ರಲ್ಲಿ ದೇಶದ ಅತಿದೊಡ್ಡ ಪ್ರಶಸ್ತಿ ಗೆದ್ದಿತು. ಕಾಲ ಕಳೆದಂತೆ ಕೊಲಿಸಿಯಂ ಹಳತಾಯಿತು. ಊರಿನ ಬ್ಯಾಸ್ಕೆಟ್‌ಬಾಲ್ ತಂಡ 2019ರಲ್ಲಿ ಕೊಲ್ಲಿ ದಾಟಿ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಯಿತು. ಫುಟ್‌ಬಾಲ್ ತಂಡ 2020ರಲ್ಲಿ ಲಾಸ್ ವೇಗಸ್ಸಿಗೆ ಹೋಯಿತು. ಮೂರು ಮಕ್ಕಳಲ್ಲಿ ಮನೆಯಲ್ಲುಳಿದದ್ದು ಇದೊಂದೇ.

2018ರ ನವೆಂಬರಿನಲ್ಲಿ ತಂಡದವರು ಹೊಸ ಜಾಗ ತೋರಿಸಿದರು. ಬಂದರಿನ ಹೋವರ್ಡ್ ಟರ್ಮಿನಲ್, ನೀರಿನ ಅಂಚಿನಲ್ಲಿ 55 ಎಕರೆ. ಹಿಂದೆ ಕಂಟೇನರ್ ಹಡಗುಗಳು ನಿಲ್ಲುತ್ತಿದ್ದ ಜಾಗ. ಅದು ನಿಂತ ಮೇಲೆ ಲಾರಿಗಳು ತಂಗುವ ಬಯಲಾಗಿತ್ತು. ಅಲ್ಲಿ 35,000 ಜನ ಕೂರುವ ಕ್ರೀಡಾಂಗಣ, 3,000 ಮನೆಗಳು, ಕಚೇರಿಗಳು, 400 ಕೋಣೆಗಳ ಹೋಟೆಲು, 18 ಎಕರೆ ಉದ್ಯಾನ. ಒಟ್ಟು 12 ಶತಕೋಟಿ ಡಾಲರಿನ ಬಾಬತ್ತು.

ಫ್ರೀಮಾಂಟಿನಲ್ಲಿರುವ ನನ್ನ ತಂಗಿಗೆ ಆಗ ಹಬ್ಬ. ಅವಳ ಮಗ ಈ ತಂಡದ ಹಸಿರು ಹಳದಿ ಟೊಪ್ಪಿಗೆ ಹಾಕಿಕೊಂಡೇ ಬೆಳೆದ ಹುಡುಗ. 2021ರ ಫೆಬ್ರುವರಿ 26ರಂದು ಕರಡು ವರದಿ ಹೊರಬಂತು. ಅಭಿಪ್ರಾಯ ತಿಳಿಸಲು ಅರವತ್ತು ದಿನ. ತಾಯಿ ಮಗ ಕೂತು ಬೆಂಬಲದ ಪತ್ರ ಬರೆದರು. “ಅಕ್ಕಾ, ನಾನು ಇದೇ ಮೊದಲನೇ ಸಲ ಕಣೇ ಸರಕಾರಕ್ಕೆ ಪತ್ರ ಬರೆದದ್ದು. ನಮ್ಮೂರಲ್ಲಿದ್ದಾಗ ನಲ್ಲಿ ನೀರು ಬರದಿದ್ದರೂ ಬರೆದವಳಲ್ಲ” ಎಂದು ಫೋನಿನಲ್ಲಿ ನಕ್ಕಳು. “ವರದಿ ಓದಿದೆಯೇನೇ?” ಎಂದೆ. “ಸಾವಿರಾರು ಪುಟ ಯಾರು ಓದ್ತಾರೆ? ಪಾರ್ಕಿನ ಭಾಗ ಓದಿದೆ” ಎಂದಳು.

ಅದೇ ವರದಿಯ ಬೇರೆ ಭಾಗಗಳನ್ನು ಓದಿದವರೂ ಇದ್ದರು. ಹೋವರ್ಡ್ ಟರ್ಮಿನಲ್ಲಿನ ನೆಲದಲ್ಲಿ ಹಿಂದೊಮ್ಮೆ ಗ್ಯಾಸು ತಯಾರಿಸುತ್ತಿದ್ದರು. ಆ ವಿಷದ ಮಣ್ಣಿನ ಮೇಲೆ ಡಾಂಬರು ಹೊದಿಸಿಟ್ಟಿದ್ದಾರೆ. ಜಾಗಕ್ಕೂ ಊರಿಗೂ ನಡುವೆ ರಸ್ತೆಯ ಮಟ್ಟದಲ್ಲೇ ರೈಲು ಓಡುತ್ತದೆ. ಪಂದ್ಯ ಮುಗಿದು ಸಾವಿರಾರು ಜನ ಹಳಿ ದಾಟಬೇಕು. ಪಕ್ಕದಲ್ಲೇ ದೊಡ್ಡ ಹಡಗುಗಳು ತಿರುಗುವ ನೀರು. ಹಡಗುಕಟ್ಟೆಯ ಕಾರ್ಮಿಕರ ಸಂಘ, ಹಡಗು ಕಂಪನಿಗಳು, ಲಾರಿಯವರು, ಬಂದರಿಗೆ ತೊಂದರೆಯಾದರೆ ನಮ್ಮ ಅನ್ನಕ್ಕೆ ಕಲ್ಲು ಬೀಳುತ್ತದೆ ಎಂದರು. ಕಟ್ಟಡ ಕಾರ್ಮಿಕರ ಸಂಘಗಳು ಕ್ರೀಡಾಂಗಣ ಬಂದರೆ ನಮಗೆ ಕೆಲಸ ಎಂದವು. ಎರಡು ಕಡೆಯೂ ದುಡಿಯುವ ಕೈಗಳೇ.

ಇನ್ನು ಪಶ್ಚಿಮ ಓಕ್‌ಲ್ಯಾಂಡ್. ಇದು ಕರಿಯ ಜನಾಂಗದವರು ಬಹುಕಾಲದಿಂದ ಬಾಳಿದ ಕೇರಿ. 1957ರಲ್ಲಿ ಯಾರನ್ನೂ ಲೆಕ್ಕಿಸದೆ ಕೇರಿಯ ನಡುವೆ ಎರಡಂತಸ್ತಿನ ಹೆದ್ದಾರಿ ಕಟ್ಟಿದರು. 1989ರ ಅಕ್ಟೋಬರ್ 17ರಂದು, ಇದೇ ಅಥ್ಲೆಟಿಕ್ಸ್ ತಂಡ ಸ್ಯಾನ್ ಫ್ರಾನ್ಸಿಸ್ಕೋ ಮೇಲೆ ಆಡಬೇಕಿದ್ದ ಹೊತ್ತಿಗೆ, ಭೂಕಂಪವಾಗಿ ಆ ಹೆದ್ದಾರಿ ಕುಸಿದು 42 ಜನ ಸತ್ತರು. ಅದನ್ನು ಅದೇ ಜಾಗದಲ್ಲಿ ಮತ್ತೆ ಕಟ್ಟಕೂಡದೆಂದು ಕೇರಿಯವರು ಹಟ ಹಿಡಿದರು, ಗೆದ್ದರು. 1997ರಲ್ಲಿ ತೆರೆದ ಹೊಸ ರಸ್ತೆ ಕೇರಿಯನ್ನು ಸುತ್ತಿಕೊಂಡು ಹೋಗುತ್ತದೆ. ಹಳೆಯ ಹೆದ್ದಾರಿಯ ಜಾಗದಲ್ಲಿ ಈಗ ಗಿಡಮರದ ರಸ್ತೆಯಿದೆ, ಮಂಡೇಲಾ ಅವರ ಹೆಸರಿನಲ್ಲಿ. ಬಂದರಿನ ಲಾರಿಗಳ ಡೀಸೆಲ್ ಹೊಗೆ ಕುಡಿದು ಅಲ್ಲಿನ ಮಕ್ಕಳಿಗೆ ಉಬ್ಬಸ. ಅಂಥವರು ವರದಿಯಲ್ಲಿ ಗಾಳಿಯ ಅಧ್ಯಾಯವನ್ನು ಮೊದಲು ಓದಿದರೆ ತಪ್ಪೇನು?

ಬಂದ ಪ್ರಶ್ನೆಗಳಿಗೆಲ್ಲ ಉತ್ತರ ಬರೆದು 2021ರ ಡಿಸೆಂಬರಿನಲ್ಲಿ ಅಂತಿಮ ವರದಿ ತಂದರು. 2022ರ ಫೆಬ್ರುವರಿ 17ರಂದು ನಗರಸಭೆಯ ಮುಂದೆ ಅದು ಬಂತು. ಕೋವಿಡ್ ಕಾಲ, ಸಭೆ ಕಂಪ್ಯೂಟರಿನಲ್ಲೇ. ಗಂಟೆಗಟ್ಟಲೆ ಜನ ಮಾತಾಡಿದರು. ಅಜ್ಜನ ಜೊತೆ ಪಂದ್ಯ ನೋಡಿದ್ದನ್ನು ಹೇಳಿದವರುಂಟು, ಮಗಳ ಉಬ್ಬಸ ಹೇಳಿದವರುಂಟು. ಕೊನೆಗೆ ಆರಕ್ಕೆ ಎರಡು ಮತಗಳಿಂದ ವರದಿ ಅಂಗೀಕಾರವಾಯಿತು. ತಂಗಿಯ ಮನೆಯಲ್ಲಿ ಕೇಸರಿಬಾತು.

ಇಲ್ಲಿ ಒಂದು ಸೂಕ್ಷ್ಮವಿದೆ. ನಗರಸಭೆ ಅಂದು ಒಪ್ಪಿದ್ದು ವರದಿಯನ್ನು, ಕ್ರೀಡಾಂಗಣವನ್ನಲ್ಲ. ಹೆಣ್ಣು ಕೊಡುವ ಮುಂಚೆ ನಾವು ಹುಡುಗನ ಕಡೆಯ ವಿಚಾರಣೆ ಮಾಡುತ್ತೇವಲ್ಲ, ಹಾಗೆ. ಸಾಲ ಎಷ್ಟು, ಕಾಯಿಲೆ ಏನು, ಅತ್ತೆ ಹೇಗೆ ಎಂದು ಪೂರ್ತಿ ತಿಳಿದಿದ್ದೇವೆ ಎನ್ನುವುದು ಒಂದು ಮಾತು. ಲಗ್ನಪತ್ರಿಕೆ ಬರೆಸುವುದು ಬೇರೆ ಮಾತು. ಕೆಲವು ಕೆಡುಕುಗಳನ್ನು ತಪ್ಪಿಸಲು ಸಾಧ್ಯವಿಲ್ಲವೆಂದು ಆ ವರದಿಯೇ ಒಪ್ಪಿಕೊಂಡಿತ್ತು. ಕೆಡುಕು ಇದೆ ಎಂದು ಬರೆದ ವರದಿಗೆ ‘ಸರಿಯಾಗಿ ಬರೆದಿದ್ದೀರಿ’ ಎಂದು ಒಪ್ಪಿಗೆ ಕೊಡುವುದು ಮೇಲುನೋಟಕ್ಕೆ ವಿಚಿತ್ರ. ಆದರೆ ಕಾಯಿದೆಯ ಸತ್ಯ ಇರುವುದು ಅಲ್ಲೇ. ಮುಚ್ಚಿಟ್ಟು ಮಾಡಬೇಡಿ, ತಿಳಿದು ಮಾಡಿ ಎನ್ನುತ್ತದೆ ಅದು. ಆದ್ದರಿಂದ ತಂಗಿಯ ಪತ್ರವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅವಳ ಹೂಂಕಾರದ ಪಕ್ಕದಲ್ಲೇ ಲಾರಿಯವನ ಉಹೂಂ ಕೂಡ ಅದೇ ಕಡತದಲ್ಲಿ ಕೂತಿದೆ. ಎರಡಕ್ಕೂ ಒಂದೇ ಗೌರವ.

ವಿರೋಧಿಗಳು ಕೋರ್ಟಿಗೆ ಹೋದರು. ಎತ್ತರದ ಕಟ್ಟಡಗಳಿಂದ ಏಳುವ ಗಾಳಿಯ ರಭಸಕ್ಕೆ ಸೂಚಿಸಿದ ಪರಿಹಾರವೊಂದು ಸಾಲದೆಂದು ಬಿಟ್ಟರೆ, ಉಳಿದದ್ದೆಲ್ಲ ಸರಿಯೆಂದು ತೀರ್ಪಾಯಿತು. 2023ರ ಮಾರ್ಚ್ ಕೊನೆಗೆ ಮೇಲ್ಮನವಿಯ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಒಂದು ತಿಂಗಳೂ ತುಂಬಲಿಲ್ಲ. ಏಪ್ರಿಲಿನಲ್ಲಿ ತಂಡದ ಮಾಲೀಕರು ಲಾಸ್ ವೇಗಸ್ಸಿನಲ್ಲಿ ಜಾಗ ಗೊತ್ತುಮಾಡಿದ್ದೇವೆ ಎಂದುಬಿಟ್ಟರು. ಹಣದ ಮಾತುಕತೆ ಕೊನೆಮುಟ್ಟಿರಲಿಲ್ಲ. ಜೂನಿನಲ್ಲಿ ನೆವಾಡಾ ರಾಜ್ಯ 380 ಮಿಲಿಯ ಡಾಲರ್ ಸರಕಾರಿ ನೆರವು ಮಂಜೂರು ಮಾಡಿತು.

ಆ ಬೇಸಿಗೆ ರಜೆಯಲ್ಲಿ ನಾನು ತಂಗಿಯ ಮನೆಯಲ್ಲಿದ್ದೆ. ಒಂದು ಭಾನುವಾರ ಹೋವರ್ಡ್ ಟರ್ಮಿನಲ್ಲಿನ ಬೇಲಿಯ ತನಕ ಕರೆದೊಯ್ದಳು. ಒಳಗೆ ಕ್ರೇನುಗಳು, ಕಂಟೇನರುಗಳು, ಸಾಲು ಲಾರಿ. “ಇಷ್ಟೆಲ್ಲ ಹೂಂ ಅಂದದ್ದು ಯಾತಕ್ಕಾಯ್ತಕ್ಕಾ?” ಎಂದಳು. ಹಳಿಯ ಮೇಲೆ ಗೂಡ್ಸ್ ಗಾಡಿ ಬಂತು. ಅದು ಕೂಗುತ್ತ ದಾಟಿಹೋಗುವ ತನಕ ಇಬ್ಬರೂ ಸುಮ್ಮನೆ ನಿಂತೆವು.

ಉತ್ತರ ಹೇಳುವುದು ಸುಲಭವಲ್ಲ. ಜನರ ಮಾತಿಗೆ ಕಟ್ಟುಬೀಳುವುದು ನಗರಸಭೆ, ಬಂದರು, ಕೋರ್ಟು. ತಂಡದ ಒಡೆಯನನ್ನು ಯಾವ ಅಹವಾಲು ಸಭೆಯೂ ಕಟ್ಟಿಹಾಕಲಾರದು. ಆ ಜೂನ್ 13ರಂದು 27,759 ಜನ ಕೊಲಿಸಿಯಂನಲ್ಲಿ ಸೇರಿ, ತಂಡವನ್ನು ಮಾರಿ ಎಂದು ಮಾಲೀಕರಿಗೆ ಕೂಗಿ ಹೇಳಿದರು. ಆದರೂ ನವೆಂಬರಿನಲ್ಲಿ ಉಳಿದ ತಂಡಗಳ ಮಾಲೀಕರೆಲ್ಲ ಒಮ್ಮತದಿಂದ ಸ್ಥಳಾಂತರಕ್ಕೆ ಒಪ್ಪಿದರು. 2024ರ ಸೆಪ್ಟೆಂಬರ್ 26ರಂದು ಕೊನೆಯ ಪಂದ್ಯ. 46,889 ಜನ ಸೇರಿದ್ದರು. ತಂಡ ಗೆದ್ದೇ ಹೋಯಿತು. 2025ರಿಂದ ವೆಸ್ಟ್ ಸ್ಯಾಕ್ರಮೆಂಟೋದ ಸಣ್ಣ ಕ್ರೀಡಾಂಗಣದಲ್ಲಿ ತಾತ್ಕಾಲಿಕ ಬಿಡಾರ.

ಹಾಗಾದರೆ ಉಳಿದದ್ದೇನು? ಆ ಕಡತ ಉಳಿದಿದೆ. ನೆಲದಡಿ ಏನಿದೆ, ಗಾಳಿಯಲ್ಲಿ ಏನಿದೆ, ಹಳಿ ದಾಟಲು ಏನು ಬೇಕು, ಎಲ್ಲವೂ ಊರಿನವರ ಕೈಗೆ ಸಿಗುವಂತೆ ಅದರಲ್ಲಿದೆ. ನಾಳೆ ಯಾರೇ ಆ ದಡಕ್ಕೆ ಬಂದರೂ ಅಲ್ಲಿಂದಲೇ ಶುರುಮಾಡಬೇಕು. ನಮ್ಮ ಬೆಂಗಳೂರಿನ ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿದೆ. ಕರಗದವರ ಪೂಜೆಗೆ ಒಂದು ಸಣ್ಣ ಹೊಂಡ ಉಳಿದಿದೆ. ಯೋಜನೆಗಳ ಬಗ್ಗೆ ಜನರ ಅಹವಾಲು ಕೇಳಬೇಕೆಂಬ ನಿಯಮ ನಮ್ಮ ದೇಶದಲ್ಲಿ ಬಂದದ್ದೇ 1997ರಲ್ಲಿ. ಆ ಕೆರೆಗಾಗಿ ಹೂಂ ಅಂದವರ ಮಾತಾಗಲಿ ಉಹೂಂ ಅಂದವರ ಮಾತಾಗಲಿ ತುಂಬಿದ ಅಂಥದೊಂದು ಕಡತ ನಮ್ಮ ಮಕ್ಕಳಿಗೆ ತೋರಿಸಲು ನಮ್ಮಲ್ಲಿಲ್ಲ.

2025ರ ಜೂನಿನಲ್ಲಿ ಅದೇ ಹಳೆಯ ಕೊಲಿಸಿಯಂನಲ್ಲಿ ಅಮೆರಿಕಾದ ಕ್ರಿಕೆಟ್ ಲೀಗಿನ ಪಂದ್ಯಗಳು ನಡೆದವು. ಹುಲ್ಲಿನ ನಡುವೆ ಪಿಚ್ಚು ಹಾಸಿದ್ದರಂತೆ. ತಂಗಿಯ ಮಗ ಹಸಿರು ಹಳದಿ ಟೊಪ್ಪಿಗೆಯನ್ನೇ ಹಾಕಿಕೊಂಡು ಹೋಗಿದ್ದನಂತೆ. ತಂಗಿ ಈಗ ತನ್ನ ಊರಿನ ಸಭೆಗಳ ಪಟ್ಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಂಡಿದ್ದಾಳೆ. ಮುಂದಿನ ವರದಿ ಬಂದರೆ ಪಾರ್ಕಿನ ಭಾಗದ ಜೊತೆಗೆ ಗಾಳಿಯ ಭಾಗವನ್ನೂ ಓದುತ್ತಾಳಂತೆ.